ಫಾರ್ಮ್ಯಾಟ್ ಹೊಡೆಯುವ ಮುಂಚೆ

ಎಲ್ಲರಿಗೂ ನಮಸ್ಕಾರ.

ಉಡುಪಿಯಲ್ಲಿ ಕಂಪ್ಯೂಟರ್ ಹ್ಯಾಂಗ್ ಆಗಲು ಶುರುವಾದರೆ ಮೊದಲು ಸಿಗುವ ಸಲಹೆ, "ಒಮ್ಮೆ ಫಾರ್ಮ್ಯಾಟ್ ಹೊಡೆದುಬಿಡಿ ಮಾರಾಯ್ರೆ." ಅದನ್ನು ಕೊನೆಗಿಡಿ ಎಂದು ಕೇಳಿಕೊಳ್ಳಲು ಬಂದಿದ್ದೇನೆ. ಹೊತ್ತುಗೊತ್ತಿಲ್ಲದೆ, ಯಾವ ಕೆಲಸದ ನಡುವೆಯೂ ನಿಂತುಬಿಡುವ ಸಿಸ್ಟಮ್‌ನಲ್ಲಿ ನಾನು ಮೊದಲು ಅನುಮಾನಿಸುವುದು ಕರೆಂಟು, ಬಿಸಿ, ಇಲ್ಲವೇ ಕಂಪ್ಯೂಟರಿನ ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್. ಫಾರ್ಮ್ಯಾಟ್ ಮಾಡಿದರೆ ಇವು ಯಾವುವೂ ಸರಿಯಾಗುವುದಿಲ್ಲ. ಹೋಗುವುದು ನಿಮ್ಮ ಫೈಲುಗಳು, ಜೊತೆಗೆ ತೊಂದರೆಯ ದಾಖಲೆ.

ಆ ದಾಖಲೆ ವಿಂಡೋಸ್ ಒಳಗೇ ಉಂಟು. ಸ್ಟಾರ್ಟ್ ಮೆನುವಿನಲ್ಲಿ ರಿಲಯಬಿಲಿಟಿ ಹಿಸ್ಟರಿ ಹುಡುಕಿ ತೆರೆಯಿರಿ. ಯಾವ ದಿನ ಏನು ಕೈಕೊಟ್ಟಿತೆಂದು ಕೆಂಪು ಗುರುತು ಹಾಕಿರುತ್ತದೆ. ಹೊಸ ಡ್ರೈವರ್, ಅಂದರೆ ಒಂದು ಬಿಡಿಭಾಗವನ್ನು ನಡೆಸುವ ಸಾಫ್ಟ್‌ವೇರ್, ಹಾಕಿದ ದಿನದಿಂದಲೇ ಶುರುವಾಗಿದ್ದರೆ ಹಳೆಯದನ್ನೇ ಮತ್ತೆ ಹಾಕಿ. ವಿಂಡೋಸ್‌ನ ದಾಖಲೆ ಪುಸ್ತಕವಾದ ಇವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಎಂಬ ಎರರ್ ಕಂಡು ತುಂಬ ಜನ ಗಾಬರಿಯಾಗುತ್ತಾರೆ. ಅದು ಕಾರಣ ಅಲ್ಲ. ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಆನ್ ಆಗಿದೆ ಎಂಬ ವರದಿ ಅಷ್ಟೆ. ಆದರೆ ಅದರೊಳಗಿನ ಬಗ್‌ಚೆಕ್ ಕೋಡ್, ಅಂದರೆ ಕ್ರ್ಯಾಶ್‌ನ ಕಾರಣ ಹೇಳುವ ಸಂಖ್ಯೆ, 0 ಆಗಿದ್ದರೆ, ಏನಾಯಿತೆಂದು ಬರೆದಿಡಲು ವಿಂಡೋಸ್‌ಗೆ ಪುರುಸೊತ್ತೇ ಸಿಕ್ಕಿಲ್ಲ. ಆಗ ಗೋಡೆಯ ಪ್ಲಗ್‌ನಿಂದ ಹುಡುಕಾಟ ಶುರು ಮಾಡಬೇಕು.

ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಎನ್ನುತ್ತದೆಯೇ? ಅರ್ಥಿಂಗ್ ಸರಿಯಿಲ್ಲ ಎಂಬ ಸೂಚನೆ ಅದು. ಅರ್ಥಿಂಗ್ ಇಲ್ಲದಿದ್ದರೆ, ಕಂಪ್ಯೂಟರಿಗೆ ಕರೆಂಟು ಹಂಚುವ ಪೆಟ್ಟಿಗೆಯಾದ ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳ ಮೂಲಕ ಸಣ್ಣ ವಿದ್ಯುತ್ ಕ್ಯಾಬಿನೆಟ್ಟಿಗೆ ಬರುತ್ತದೆ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಬೋರ್ಡಿಗೆ ಹೊಂದಿಸಿ ದಯವಿಟ್ಟು ಬಳಸಬೇಡಿ. ಮೇ ತಿಂಗಳ ಗುಡುಗು ಮಿಂಚಿನಲ್ಲಿ ಪ್ಲಗ್ ಜೊತೆ ಲ್ಯಾನ್ ಕೇಬಲ್ಲನ್ನೂ ಕಿತ್ತಿಡಿ. ಇನ್ನು ಎಸ್‌ಎಂಪಿಎಸ್. ಅದರ 12 ವೋಲ್ಟ್ ಲೈನು 11.4ರಿಂದ 12.6ರ ಒಳಗಿರಬೇಕು. ವಿಡಿಯೋ ರೆಂಡರ್‌ಗೆ ಹಾಕಿದ ಕೂಡಲೇ, ಬಿಸಿ ಏರುವ ಮೊದಲೇ ರೀಸ್ಟಾರ್ಟ್ ಆದರೆ ನಾನು ಮೊದಲು ಬೇರೊಂದು ಒಳ್ಳೆಯ ಎಸ್‌ಎಂಪಿಎಸ್ ಹಾಕಿ ನೋಡುತ್ತೇನೆ. ಹತ್ತು ನಿಮಿಷ ಓಡಿ ನಿಂತರೆ ಫ್ಯಾನು, ದೂಳು, ಪ್ರೊಸೆಸರಿನ ಬಿಸಿ ಸಾಗಿಸುವ ಥರ್ಮಲ್ ಪೇಸ್ಟ್ ಒಣಗಿದೆಯೇ ಎಂದು ನೋಡಿ.

ರ‍್ಯಾಮ್ ವಿಷಯದಲ್ಲಿ ಕರಾವಳಿಯವರು ಹೆಚ್ಚು ಜಾಗ್ರತೆ ವಹಿಸಬೇಕು. ಮಲ್ಪೆ, ಕಾಪು, ಉಳ್ಳಾಲದ ಕಡಲ ಬದಿಯ ಮನೆಗಳಲ್ಲಿ ಗಾಳಿಯ ಉಪ್ಪು, ಮಳೆಗಾಲದ ತೇವ ಎರಡೂ ಸೇರಿ ಲೋಹದ ಸಂಪರ್ಕಗಳನ್ನು ಹಾಳುಮಾಡುತ್ತವೆ. ಪ್ಲಗ್ ತೆಗೆದು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟಿನ ಲೋಹ ಮುಟ್ಟಿ, ಎರಡೂ ಬದಿಯ ಲಾಕ್ ಬಿಡಿಸಿ ರ‍್ಯಾಮ್ ಹೊರತೆಗೆಯಿರಿ. ಬೆಳಕಿಗೆ ಹಿಡಿದರೆ ಚಿನ್ನದ ಬಣ್ಣದ ಗೆರೆಗಳಲ್ಲಿ ಒಂದೆರಡು ಮಂಕಾಗಿ ಕಾಣಬಹುದು. ರಬ್ಬರಿನಿಂದ ಗಸಗಸ ಉಜ್ಜುವ ರೂಢಿ ನಮ್ಮಲ್ಲಿದೆ, ಆದರೆ ಆ ಲೇಪ ಬಹಳ ತೆಳು, ಸವೆದುಹೋಗುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಪೂರ್ತಿ ಆರಿದ ಮೇಲೆ ಟಕ್ ಎನ್ನುವವರೆಗೆ ಒತ್ತಿ ಕೂರಿಸಿ. ಆಮೇಲೆ ಪೆನ್‌ಡ್ರೈವ್‌ನಿಂದ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ರಾತ್ರಿಯಿಡೀ ಓಡಲಿ. ಒಂದೇ ಒಂದು ಎರರ್ ಬಂದರೂ ಬಿಡಬೇಡಿ. ಒಂದೊಂದೇ ರ‍್ಯಾಮ್ ಹಾಕಿ ಮತ್ತೆ ಪರೀಕ್ಷಿಸಿ. ಎರಡು ಭಾಗಗಳನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತೆಂದು ಗೊತ್ತಾಗುವುದಿಲ್ಲ.

ಮೌಸ್ ಅಲ್ಲಾಡುತ್ತದೆ, ಆದರೆ ಏನೂ ತೆರೆಯುವುದಿಲ್ಲ, ಸ್ವಲ್ಪ ಹೊತ್ತಿಗೆ ತಾನೇ ಸರಿಯಾಗುತ್ತದೆ ಎಂದರೆ ಡಿಸ್ಕ್ ನೋಡಿ. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಹಾರ್ಡ್ ಡಿಸ್ಕಿನ ಸಿ5, ಅಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ ಲೆಕ್ಕ, ಏರುತ್ತಿದ್ದರೆ ಉಳಿದ ಪರೀಕ್ಷೆ ನಿಲ್ಲಿಸಿ. ವಿಂಡೋಸ್‌ನದೇ ಡಿಸ್ಕ್ ತಪಾಸಣೆ ಚೆಕ್‌ಡಿಸ್ಕ್ ಕೂಡ ಬೇಡ, ಸೋತ ಡಿಸ್ಕಿಗೆ ಅದು ಇನ್ನಷ್ಟು ಹೊರೆ. ಮೊದಲು ಟ್ಯಾಲಿ ಡೇಟಾ, ಮಕ್ಕಳ ಫೋಟೋ ಬೇರೆ ಡಿಸ್ಕಿಗೆ ಹೋಗಲಿ.

ಕೆಲವರು ತಮ್ಮ ಸಿಸ್ಟಮ್ ತಂದಿದ್ದೀರಿ. ಮುಂದೆ ತನ್ನಿ, ಬಿಚ್ಚಿಯೇ ನೋಡುವ.