ತೆರಿಗೆ ಕಟ್ಟಿದವನಿಗೆ ಜಾಸ್ತಿ ವೋಟಾ? ರೋಮ್‌ನಲ್ಲಿ ನಡೆದದ್ದು ತಿರುಗಾಮುರುಗ!

ನಮಸ್ಕಾರ, ಎಲ್ಲರಿಗೂ ಸ್ವಾಗತ. ಇವತ್ತು ಹ್ಯಾನಿಬಲ್‌ನ ಆನೆಗಳ ಬಗ್ಗೆ ಮಾತಾಡಬೇಕಿತ್ತು. ಅದು ಮುಂದಕ್ಕೆ ಹೋಯಿತು. ಕಾರಣ, ಕಳೆದ ವಿಡಿಯೊದ ಕೆಳಗೆ ಬಂದ ಒಂದು ಕಮೆಂಟು. ತೆರಿಗೆ ಕಟ್ಟುವವರಿಗೆ ಜಾಸ್ತಿ ವೋಟು ಇರಬೇಕಂತೆ. ರೋಮ್ ಗಣರಾಜ್ಯದಲ್ಲಿ ಹಾಗೇ ಇತ್ತಂತೆ, ಅದಕ್ಕೇ ಅದು ಅಷ್ಟು ದೊಡ್ಡದಾಯಿತಂತೆ. ಹೇಳಿದವರ ಹೆಸರು ನಾನು ಎತ್ತುವುದಿಲ್ಲ. ಆದರೆ ಅದರ ಕೆಳಗೆ "ಸರಿಯಾಗಿ ಹೇಳಿದಿರಿ" ಅಂತ ಸಾಲುಸಾಲಾಗಿ ಬರೆದಿದ್ದಾರಲ್ಲ, ಅದನ್ನು ನೋಡಿ ನನಗೆ ತಡೆಯಲು ಆಗಲಿಲ್ಲ.

ಮೊದಲು ಅಲ್ಲಿ ವೋಟು ಹೇಗೆ ನಡೆಯುತ್ತಿತ್ತು ಅಂತ ನೋಡೋಣ. ಕಾನ್ಸಲ್‌ಗಳನ್ನು, ಅಂದರೆ ಗಣರಾಜ್ಯದ ಅತಿ ದೊಡ್ಡ ಅಧಿಕಾರಿಗಳನ್ನು ಆರಿಸುವುದು, ಯುದ್ಧಕ್ಕೆ ಒಪ್ಪಿಗೆ ಕೊಡುವುದು, ಇದೆಲ್ಲ ಸೆಂಚುರಿಗಳ ಸಭೆಯ ಕೆಲಸ. ಊರಾಚೆ ಕ್ಯಾಂಪಸ್ ಮಾರ್ಷಿಯಸ್ ಅನ್ನುವ ಬಯಲಿನಲ್ಲಿ ಜನ ಸೇರುತ್ತಿದ್ದರು. ಒಟ್ಟು 193 ಗುಂಪುಗಳು, ಅವಕ್ಕೇ ಸೆಂಚುರಿ ಅಂತ ಹೆಸರು. ಒಂದು ಗುಂಪಿಗೆ ಒಂದು ವೋಟು. ಯಾರು ಯಾವ ಗುಂಪು ಅನ್ನುವುದು ಅವರ ಆಸ್ತಿಯ ಮೇಲೆ ನಿಂತಿತ್ತು. ಕುದುರೆ ಸವಾರರ ವರ್ಗಕ್ಕೆ 18 ಗುಂಪು. ಆಸ್ತಿವಂತರ ಮೊದಲ ದರ್ಜೆಗೆ 80. ಎರಡನ್ನೂ ಕೂಡಿಸಿ, 98. ಗೆಲ್ಲಲು ಬೇಕಾದದ್ದು 97! ಆಸ್ತಿಯೇ ಇಲ್ಲದ ಜನರಿಗೆಲ್ಲ ಸೇರಿಸಿ ಎಷ್ಟು ಗುಂಪು ಗೊತ್ತಾ? ಒಂದೇ ಒಂದು.

ಶ್ರೀಮಂತರು ಮೊದಲು ವೋಟು ಹಾಕುತ್ತಿದ್ದರು. ಬಹುಮತ ಬಂದ ಕೂಡಲೇ ಎಣಿಕೆ ನಿಲ್ಲುತ್ತಿತ್ತು, ಉಳಿದವರನ್ನು ಕರೆಯುತ್ತಲೇ ಇರಲಿಲ್ಲ. ಮದುವೆ ಮನೆಯಲ್ಲಿ ಮೊದಲ ಪಂಕ್ತಿ ಎದ್ದ ಕೂಡಲೇ ಅಡುಗೆಮನೆಗೆ ಬೀಗ ಹಾಕಿದ ಹಾಗೆ. ಸಿಸೆರೊ, ಕ್ರಿ.ಪೂ. 63ರಲ್ಲಿ ಕಾನ್ಸಲ್ ಆಗಿದ್ದವನು, ಇದನ್ನು ಮುಚ್ಚಿಡುವುದೂ ಇಲ್ಲ. ಸಂಖ್ಯೆಯಲ್ಲಿ ಜಾಸ್ತಿ ಇರುವವರ ಕೈಗೆ ಜಾಸ್ತಿ ಬಲ ಹೋಗಬಾರದು, ಅದಕ್ಕೇ ಈ ಏರ್ಪಾಡು ಅಂತ ಹೊಗಳಿ ಬರೆದಿದ್ದಾನೆ.

ಇಷ್ಟಕ್ಕೇ ನಮ್ಮ ಕಮೆಂಟಿನವರು ಕುಣಿದುಬಿಡುತ್ತಾರೆ. ನೋಡಿ, ತೆರಿಗೆ ಕಟ್ಟಿದವರಿಗೆ ಜಾಸ್ತಿ ವೋಟಿತ್ತು ಅಲ್ವಾ ಅನ್ನುತ್ತಾರೆ. ಸ್ವಲ್ಪ ತಾಳಿ.

ರೋಮ್‌ನ ನಾಗರಿಕರು ಆಸ್ತಿಯ ಮೇಲೆ ಟ್ರಿಬ್ಯೂಟಮ್ ಅನ್ನುವ ತೆರಿಗೆ ಕಟ್ಟುತ್ತಿದ್ದರು, ನಿಜ. ಯುದ್ಧ ಬಂದಾಗ ಎತ್ತುತ್ತಿದ್ದ ಹಣ ಅದು. ಆಮೇಲೆ ಏನಾಯಿತು? ಕ್ರಿ.ಪೂ. 168ರಲ್ಲಿ ಪಿಡ್ನಾ ಯುದ್ಧ. ರೋಮ್‌ನ ಸೇನಾಪತಿ ಎಮಿಲಿಯಸ್ ಪೌಲಸ್ ಮ್ಯಾಸಿಡೋನಿಯಾದ ದೊರೆ ಪರ್ಸಿಯಸ್‌ನನ್ನು ಸೋಲಿಸಿ ಅವನ ಖಜಾನೆಯನ್ನೆಲ್ಲ ರೋಮ್‌ಗೆ ತಂದ. ಕ್ರಿ.ಪೂ. 167ರಿಂದ ನಾಗರಿಕರಿಗೆ ಟ್ರಿಬ್ಯೂಟಮ್ ಇಲ್ಲ! ಒಂದು ವರ್ಷ, ಎರಡು ವರ್ಷದ ಮಾತಲ್ಲ ಇದು. ಕ್ರಿ.ಪೂ. 43ರವರೆಗೆ, ಅಂದರೆ ಸೀಸರ್ ಸತ್ತ ಮೇಲಿನವರೆಗೆ, ಆ ತೆರಿಗೆಯನ್ನು ಮತ್ತೆ ಎತ್ತಲಿಲ್ಲ.

ಸರಿ, ತೆರಿಗೆ ಹೋಯಿತು. ಅದರ ಹೆಸರಿನಲ್ಲಿ ಸಿಕ್ಕಿದ್ದ ವೋಟೂ ಹೋಗಬೇಕಿತ್ತಲ್ಲ? ಹೋಯಿತಾ? ಇಲ್ಲ. ಆಸ್ತಿವಂತರ ಗುಂಪುಗಳು ಇದ್ದಲ್ಲೇ ಇದ್ದವು.

ಹಾಗಾದರೆ ಖಜಾನೆ ತುಂಬಿಸಿದ್ದು ಯಾರು? ಗೆದ್ದ ನಾಡಿನ ಜನ. ಮ್ಯಾಸಿಡೋನಿಯಾದವರು ವರ್ಷಕ್ಕೆ 100 ಟ್ಯಾಲೆಂಟ್ ಕೊಡಬೇಕಾಯಿತು, ಟ್ಯಾಲೆಂಟ್ ಅಂದರೆ ಬೆಳ್ಳಿ ತೂಗುವ ಹಳೆಯ ಅಳತೆ. ಸಿಸಿಲಿಯ ರೈತ ಬೆಳೆದ ಗೋಧಿಯಲ್ಲಿ ಹತ್ತರಲ್ಲಿ ಒಂದು ಪಾಲು ಕೊಡುತ್ತಿದ್ದ, ರೋಮ್ ನಗರ ಅದನ್ನು ಉಣ್ಣುತ್ತಿತ್ತು. ಏಷ್ಯಾ ಪ್ರಾಂತ್ಯ, ಅಂದರೆ ಇವತ್ತಿನ ಟರ್ಕಿಯ ಪಶ್ಚಿಮ ಭಾಗ, ಅಲ್ಲಿ ತೆರಿಗೆ ಎತ್ತುವ ಹಕ್ಕನ್ನೇ ರೋಮ್‌ನಲ್ಲಿ ಹರಾಜು ಹಾಕುತ್ತಿದ್ದರು. ಹರಾಜು ಕೂಗಿದ ಗುತ್ತಿಗೆದಾರ ತನ್ನ ಲಾಭವನ್ನೂ ಸೇರಿಸಿ ಜನರಿಂದ ಕಿತ್ತುಕೊಳ್ಳುತ್ತಿದ್ದ. ಇವರಿಗೆ ರೋಮ್‌ನಲ್ಲಿ ಎಷ್ಟು ವೋಟು? ಸೊನ್ನೆ. ತೆರಿಗೆ ಕಟ್ಟಿದವನಿಗೆ ವೋಟಿಲ್ಲ, ವೋಟಿದ್ದವನಿಗೆ ತೆರಿಗೆಯಿಲ್ಲ. ನೂರಕ್ಕೂ ಜಾಸ್ತಿ ವರ್ಷ ಹೀಗೇ ನಡೆಯಿತು. ಇದನ್ನು ನಮಗೆ ಮಾದರಿ ಅಂತ ತೋರಿಸುತ್ತಾರಲ್ಲ!

ಇದರ ಫಲ ಏನು ಅಂತ ಕೇಳಿ. ಕ್ರಿ.ಪೂ. 88ರಲ್ಲಿ ಕಪ್ಪು ಸಮುದ್ರದ ದಂಡೆಯ ಪಾಂಟಸ್ ರಾಜ್ಯದ ದೊರೆ ಮಿತ್ರಿಡೇಟಿಸ್ ಏಷ್ಯಾ ಪ್ರಾಂತ್ಯದೊಳಗೆ ನುಗ್ಗಿದ. ಅಲ್ಲಿರುವ ರೋಮ್‌ನವರನ್ನೂ ಇಟಲಿಯವರನ್ನೂ ಕೊಲ್ಲಿ ಅಂತ ಊರೂರಿಗೆ ಆಜ್ಞೆ ಕಳಿಸಿದ. ಊರಿನವರು ಕೊಂದರು. ಹೆಂಗಸರು, ಮಕ್ಕಳು, ಯಾರನ್ನೂ ಬಿಡಲಿಲ್ಲ. ಸತ್ತವರು 80,000 ಅಂತ ಹಳೆಯ ಬರಹಗಾರರು ಹೇಳುತ್ತಾರೆ. ಆ ಕೊಲೆಗಳು ಘೋರ. ಆದರೆ ಒಬ್ಬ ದೊರೆಯ ಮಾತಿಗೆ ಅಷ್ಟು ಊರುಗಳು ಸುಮ್ನೆ ಎದ್ದು ನಿಲ್ಲುತ್ತವಾ? ಹಿಂಡಿಸಿಕೊಂಡವರಿಗೆ ದೂರು ಹೇಳುವುದು ಸುಲಭ ಇರಲಿಲ್ಲ. ಸಿಸಿಲಿಯ ಗವರ್ನರ್ ವೆರೆಸ್ ಲೂಟಿ ಹೊಡೆದಾಗ ಆ ಜನರ ಪರ ನಿಲ್ಲಲು ಸಿಸೆರೊನೇ ಬೇಕಾಯಿತು, ಕ್ರಿ.ಪೂ. 70ರಲ್ಲಿ. ಎಲ್ಲ ಊರಿಗೂ ಒಬ್ಬೊಬ್ಬ ಸಿಸೆರೊ ಸಿಗುತ್ತಾನಾ?

ಅಂದಹಾಗೆ, ವೆರೆಸ್ ಮೊಕದ್ದಮೆ ಬಗ್ಗೆ ಒಂದು ಪೂರ್ತಿ ಎಪಿಸೋಡ್ ಮಾಡಿದ್ದೇವೆ, ಅವನು ಕದ್ದ ವಿಗ್ರಹಗಳ ಕಥೆಯೂ ಅದರಲ್ಲಿದೆ. ದಯವಿಟ್ಟು ನೋಡಿ. ಇನ್ನೂ ಸಬ್‌ಸ್ಕ್ರೈಬ್ ಆಗದವರು ಈಗಲೇ ಆಗಿಬಿಡಿ. ಕನ್ನಡದಲ್ಲಿ ಇಂಥ ಇತಿಹಾಸ ಹೇಳುವವರು ಕಡಿಮೆ. ನೀವು ಕೈಹಿಡಿದರೆ ಮಾತ್ರ ಇದು ನಡೆಯುತ್ತದೆ.

ಈಗ ಇನ್ನೊಂದು ವಾದ. ಶ್ರೀಮಂತರು ಯುದ್ಧದಲ್ಲಿ ಮುಂದಿನ ಸಾಲಿನಲ್ಲಿ ನಿಲ್ಲುತ್ತಿದ್ದರು, ಕವಚ ಕತ್ತಿ ಎಲ್ಲ ಸ್ವಂತ ಖರ್ಚು, ಅದಕ್ಕೇ ಜಾಸ್ತಿ ವೋಟು ಅಂತ. ಮೊದಮೊದಲು ಹೌದು. ಆದರೆ ಕ್ರಿ.ಪೂ. 107ರಲ್ಲಿ ಕಾನ್ಸಲ್ ಆಗಿದ್ದ ಮೇರಿಯಸ್ ಏನು ಮಾಡಿದ? ಉತ್ತರ ಆಫ್ರಿಕಾದ ನುಮಿಡಿಯಾದ ದೊರೆ ಜುಗುರ್ತನ ಮೇಲಿನ ಯುದ್ಧಕ್ಕೆ ಆಸ್ತಿಯಿಲ್ಲದವರನ್ನೂ ಸೈನ್ಯಕ್ಕೆ ಸೇರಿಸಿಕೊಂಡ. ಅವರು ಆಫ್ರಿಕಾದ ಬಿಸಿಲಿನಲ್ಲಿ ರಕ್ತ ಸುರಿಸಿದರು. ವಾಪಸ್ ಬಂದಾಗ ಸೆಂಚುರಿಗಳ ಸಭೆಯಲ್ಲಿ ಅವರ ಜಾಗ ಯಾವುದು? ಅದೇ ಕೊನೆಯ ಒಂದು ಗುಂಪು!

ಇಟಲಿಯ ಮಿತ್ರ ಊರುಗಳ ಕಥೆಯೂ ಇದೇ. ರೋಮ್‌ನ ಸೈನ್ಯದಲ್ಲಿ ಸುಮಾರು ಅರ್ಧದಷ್ಟು ಅವರ ಹುಡುಗರು. ಆ ಹುಡುಗರ ಸಂಬಳವೂ ಆ ಊರುಗಳದ್ದೇ. ಹಣ ಅವರದ್ದು, ಜೀವ ಅವರದ್ದು, ವೋಟು ಮಾತ್ರ ಇಲ್ಲ. ಕೇಳಿ ಕೇಳಿ ಸಾಕಾಗಿ ಕ್ರಿ.ಪೂ. 91ರಲ್ಲಿ ದಂಗೆ ಎದ್ದರು. ಕಾರ್ಫಿನಿಯಮ್ ಊರನ್ನು ತಮ್ಮ ರಾಜಧಾನಿ ಮಾಡಿಕೊಂಡು ಇಟಾಲಿಕಾ ಅಂತ ಹೆಸರಿಟ್ಟರು. ತಮ್ಮದೇ ನಾಣ್ಯ ಹೊಡೆಸಿದರು. ಒಂದು ನಾಣ್ಯದ ಮೇಲೆ ಏನಿದೆ ಗೊತ್ತಾ? ಇಟಲಿಯ ಗೂಳಿ ರೋಮ್‌ನ ತೋಳವನ್ನು ಕೊಂಬಿನಿಂದ ತಿವಿಯುತ್ತಿದೆ. ಅಷ್ಟು ಸಿಟ್ಟು! ಕೊನೆಗೆ ರೋಮ್ ಪೌರತ್ವ ಕೊಟ್ಟಿತು. ಮೊದಲೇ ಕೊಟ್ಟಿದ್ದರೆ ಅಷ್ಟು ಹೆಣ ಬೀಳುತ್ತಿರಲಿಲ್ಲ.

ಟ್ರಿಬ್ಯೂನ್‌ಗಳಿದ್ದರಲ್ಲ, ಬಡವರ ಪರ ನಿಲ್ಲುವವರು ಅಂತ ಯಾರಾದರೂ ಕೇಳೇ ಕೇಳುತ್ತೀರಿ. ಇದ್ದರು. ಕ್ರಿ.ಪೂ. 494ರಲ್ಲಿ ಪ್ಲೀಬಿಯನ್ನರು, ಅಂದರೆ ಸಾಮಾನ್ಯ ಜನ, ಊರು ಬಿಟ್ಟು ಹೊರಗೆ ಹೋಗಿ ಕೂತು ಗಳಿಸಿದ ಹಕ್ಕು ಅದು ಅಂತ ರೋಮ್‌ನವರೇ ಹೇಳುತ್ತಾರೆ. ಆದರೆ ಟಿಬೇರಿಯಸ್ ಗ್ರಾಕಸ್ ಅನ್ನುವ ಟ್ರಿಬ್ಯೂನ್ ಜಮೀನಿಲ್ಲದವರಿಗೆ ಜಮೀನು ಹಂಚಲು ಹೊರಟಾಗ, ಕ್ರಿ.ಪೂ. 133ರಲ್ಲಿ, ಸೆನೆಟ್‌ನವರೇ, ಅಂದರೆ ದೊಡ್ಡ ಮನೆತನದವರ ಸಭೆಯವರೇ, ಮುರಿದ ಬೆಂಚಿನ ಕಾಲು ಹಿಡಿದು ಬಂದು ಅವನನ್ನು ಹೊಡೆದು ಕೊಂದರು. ಹೆಣವನ್ನು ಟೈಬರ್ ನದಿಗೆ ಎಸೆದರು. ಟ್ರಿಬ್ಯೂನ್ ಮೈ ಮುಟ್ಟಬಾರದು ಅನ್ನುವ ಪವಿತ್ರ ನಿಯಮ ಇತ್ತು. ಶ್ರೀಮಂತರ ಜಮೀನಿನ ಮಾತು ಬಂದಾಗ ಆ ನಿಯಮ ಎಲ್ಲಿ ಹೋಯಿತು?

ಆಮೇಲೆ ಮೊದಲ ದರ್ಜೆಯ ಗುಂಪುಗಳನ್ನು 80ರಿಂದ 70ಕ್ಕೆ ಇಳಿಸಿದರಲ್ಲ ಅಂತ ಪುಸ್ತಕ ತೆರೆದು ಕೂರುವವರೂ ಇದ್ದಾರೆ. ಹತ್ತು ಇಳಿಸಿದರು ಸ್ವಾಮಿ, ಹತ್ತು! ಎರಡನೇ ದರ್ಜೆಯವರನ್ನೂ ಕರೆಯಬೇಕಾಯಿತು, ಅಷ್ಟೇ. ಕೊನೆಯವನು ಕೊನೆಯಲ್ಲೇ ಉಳಿದ. ಬಂದರಿನ ಸುಂಕ ಇತ್ತಲ್ಲ ಅನ್ನುತ್ತೀರಾ? ಅದನ್ನೂ ಕ್ರಿ.ಪೂ. 60ರಲ್ಲಿ ಇಟಲಿಯಲ್ಲಿ ತೆಗೆದುಹಾಕಿದರು! ಇನ್ನೇನಿದೆ ನಿಮ್ಮ ಹತ್ತಿರ? ತೆರಿಗೆ ಕಟ್ಟಿದವನಿಗೆ ವೋಟಿಲ್ಲ, ವೋಟಿದ್ದವನಿಗೆ ತೆರಿಗೆಯಿಲ್ಲ. ನೂರು ಸಲ ಬೇಕಾದರೂ ಹೇಳುತ್ತೇನೆ.

ಆಸ್ತಿ ಇದ್ದವನಿಗೆ ಬುದ್ಧಿ ಜಾಸ್ತಿ, ಬಡವ ವೋಟು ಮಾರಿಕೊಳ್ಳುತ್ತಾನೆ, ಇದೆಲ್ಲ ಬೇಡ. ಕೊಂಡುಕೊಳ್ಳುವವನು ಯಾರು ಮತ್ತೆ? ರೋಮ್‌ನಲ್ಲಿ ಚುನಾವಣೆಯ ಲಂಚದ ವಿರುದ್ಧ ಮತ್ತೆ ಮತ್ತೆ ಕಾನೂನು ತಂದರು. ಲಂಚ ಕೊಡುತ್ತಿದ್ದವರು ಪದವಿಗೆ ನಿಂತ ದೊಡ್ಡ ಮನೆಯವರೇ. ನನಗೆ ಇದರಲ್ಲಿ ರಾಜಿ ಇಲ್ಲ. ಒಬ್ಬರಿಗೆ ಒಂದು ವೋಟು, ಅಷ್ಟೇ. ಬೇಕಾದರೆ ಅನ್‌ಸಬ್‌ಸ್ಕ್ರೈಬ್ ಮಾಡಿ. ಬೇಡ, ಮಾಡಬೇಡಿ, ಇದ್ದು ಜಗಳ ಮಾಡಿ. ಕ್ರಿ.ಪೂ. 167ಕ್ಕೆ ಉತ್ತರ ಇದ್ದವರು ಕೆಳಗೆ ಬರೆಯಿರಿ, ಒಂದೊಂದನ್ನೂ ಓದುತ್ತೇನೆ. ಹ್ಯಾನಿಬಲ್ ಮುಂದಿನ ವಾರ ಆನೆ ಸಮೇತ ಬರುತ್ತಾನೆ. ಬೆಲ್ ಒತ್ತಿಡಿ. ನಮಸ್ಕಾರ.