ಆರ್ಕೊ ದೀಪದ ತೂತಿಗೂ ಒಂದು ಕೆಲಸ ಇದೆ

ನಮಸ್ಕಾರ. ಇವತ್ತು ಒಂದು ದೀಪದ ಬಗ್ಗೆ ಮಾತಾಡೋಣ. ಹೆಸರು ಗೊತ್ತಿಲ್ಲದಿದ್ದರೂ ನೀವು ಅದನ್ನು ಎಲ್ಲೋ ನೋಡಿರುತ್ತೀರಿ. ನೆಲದ ಮೇಲೆ ಬಿಳಿ ಮಾರ್ಬಲ್ ದಿಮ್ಮಿ. ಅದರಿಂದ ಎದ್ದು ಕಮಾನಿನಂತೆ ಬಾಗಿದ ಸ್ಟೀಲ್ ಕಂಬಿ. ತುದಿಯಲ್ಲಿ ಬಲ್ಬನ್ನು ಮುಚ್ಚುವ, ಥಳಥಳ ಹೊಳೆಯುವ ಲೋಹದ ಬುರುಡೆ. ಸಿನಿಮಾದ ಸಾಹುಕಾರರ ಮನೆ, ಹೋಟೆಲ್ ಲಾಬಿ, ಎಲ್ಲ ಕಡೆ ಅದು ಅಥವಾ ಅದರ ನಕಲು. ಇದೇ ಆರ್ಕೊ. 1962ರಲ್ಲಿ ಮಿಲಾನ್‌ನ ಅಣ್ಣ ತಮ್ಮ, ಪಿಯರ್ ಜಾಕೊಮೊ ಮತ್ತು ಅಕಿಲ್ಲೆ ಕಾಸ್ಟಿಲ್ಯೋನಿ, ಇಟಲಿಯ ಫ್ಲಾಸ್ ಅನ್ನುವ ದೀಪದ ಕಂಪನಿಗೆ ಮಾಡಿಕೊಟ್ಟದ್ದು.

ಇದನ್ನು ಎಲ್ಲರೂ ಶೋಕಿಯ ವಸ್ತು ಅಂದುಕೊಂಡುಬಿಟ್ಟಿದ್ದಾರೆ. ನನ್ನ ತಕರಾರು ಇರುವುದು ಅಲ್ಲೇ. ನನ್ನನ್ನು ಕೇಳಿದರೆ, ಪೈಸೆ ಪೈಸೆ ಲೆಕ್ಕ ಹಾಕಿ ಮಾಡಿದ ದೀಪ ಇದು.

ಅವರ ಮುಂದೆ ಇದ್ದ ಪ್ರಶ್ನೆ ನೋಡಿ. ಊಟದ ಮೇಜಿನ ಮೇಲೆ ಬೆಳಕು ಬೀಳಬೇಕು, ಆದರೆ ಚಾವಣಿ ಕೊರೆಯಬಾರದು. ಮೇಲಿಂದ ದೀಪ ಇಳಿಬಿಟ್ಟರೆ ಮೇಜು ಜಾಗ ಬದಲಿಸುವ ಹಾಗಿಲ್ಲ. ಸರಿ, ನೆಲದ ದೀಪ ಇಡೋಣ ಅಂದರೆ ಅದರ ಕಂಬ ಕುರ್ಚಿಗಳ ಹಿಂದೆ ಓಡಾಡುವವರಿಗೆ ಅಡ್ಡ. ಅಂದಮೇಲೆ ಕಂಬ ಎರಡು ಮೀಟರ್ ದೂರ ನಿಲ್ಲಬೇಕು, ಬೆಳಕು ಮಾತ್ರ ಮೇಜಿನ ತಲೆಯ ಮೇಲೆ ಬರಬೇಕು. ಊಟಕ್ಕೆ ಕೂತವರ ಬೆನ್ನ ಹಿಂದೆ ಬಡಿಸುವವರು ಆರಾಮಾಗಿ ಹಾದು ಹೋಗಬೇಕು. ಬೀದಿ ದೀಪ ಮಾಡುವುದೂ ಇದನ್ನೇ ಅಲ್ವಾ? ಅವರಿಗೆ ಉಪಾಯ ಹೊಳೆದದ್ದೂ ಅದನ್ನು ನೋಡಿಯೇ.

ಅಷ್ಟು ದೂರ ಚಾಚಿದ ಕಂಬಿ ಮಗುಚಬಾರದು ಅಂದರೆ ಹಿಂದೆ ಭಾರ ಬೇಕು. ಮಾರ್ಬಲ್ ಬಂದದ್ದು ಅದಕ್ಕೆ. ಇಟಲಿಯ ಕರಾರಾ ಊರಿನ ಮಾರ್ಬಲ್ ಅವರಿಗೆ ತಮ್ಮ ದೇಶದ್ದೇ ಕಲ್ಲು. ಚಿಕ್ಕ ಜಾಗದಲ್ಲಿ, ಕಡಿಮೆ ಖರ್ಚಿನಲ್ಲಿ, ಜಾಸ್ತಿ ತೂಕ. ಸುಮಾರು 65 ಕೆಜಿ. ಇದನ್ನು ಎತ್ತುವುದು ಹೇಗೆ? ಆ ದಿಮ್ಮಿಯಲ್ಲಿ ಒಂದು ತೂತು ಇದೆ, ಅಲಂಕಾರ ಅಂತ ಎಷ್ಟೋ ಜನ ಅಂದುಕೊಂಡಿರುವ ತೂತು. ಅದರೊಳಗೆ ಪೊರಕೆ ಕೋಲು ತೂರಿಸಿ, ಆ ಕಡೆ ಒಬ್ಬರು ಈ ಕಡೆ ಒಬ್ಬರು ಹಿಡಿದು, ಪಲ್ಲಕ್ಕಿಯ ಹಾಗೆ ಎತ್ತಿ ಪಕ್ಕಕ್ಕಿಡಬಹುದು. ಅದು ಇರುವುದೇ ಅದಕ್ಕೆ. ದಿಮ್ಮಿಯ ಅಂಚು ಸವರಿರುವುದು ಯಾರಿಗೂ ಕಾಲು ತಾಗಿ ಗಾಯ ಆಗದಿರಲಿ ಅಂತ.

ಕಂಬಿಯನ್ನೂ ಹತ್ತಿರ ಹೋಗಿ ನೋಡಿ. ಒಂದೇ ತುಂಡಲ್ಲ. ಮೂರು ಸ್ಟೀಲ್ ಪಟ್ಟಿ, ಒಂದರೊಳಗೆ ಒಂದು ಜಾರುತ್ತವೆ. ಕಮಾನು ಬೇಕಾದಷ್ಟು ಉದ್ದ, ಬೇಕಾದಷ್ಟು ಗಿಡ್ಡ. ಪಟ್ಟಿಗಳು ಮಡಚಿದ ಕಾಲುವೆಯಂತೆ ಇರುವುದರಿಂದ ವೈರು ಅದರೊಳಗೇ ಹೋಗುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಬುರುಡೆಯ ನೆತ್ತಿ ತುಂಬ ಸಣ್ಣ ತೂತುಗಳು, ಬಲ್ಬಿನ ಕಾವು ಹೊರಗೆ ಹೋಗಲಿ ಅಂತ. ಒಂದೂ ಸುಮ್ನೆ ಇಟ್ಟದ್ದಲ್ಲ.

ಅದೇ ವರ್ಷ ಇದೇ ಅಣ್ಣ ತಮ್ಮ ಮಾಡಿದ ತೋಯೊ ಅಂತ ಇನ್ನೊಂದು ದೀಪ ಇದೆ. ಅದಕ್ಕೆ ಹಾಕಿದ್ದು ಕಾರಿನ ಹೆಡ್‌ಲೈಟು. ವೈರು ಹಿಡಿದಿಡಲು ಗಾಳದ ಕೋಲಿನ ಬಳೆಗಳು. ಟ್ರಾನ್ಸ್‌ಫಾರ್ಮರ್ ಹೇಗೂ ಬೇಕಲ್ಲ, ಅದನ್ನೇ ಬುಡದಲ್ಲಿ ಕೂರಿಸಿ ಭಾರ ಮಾಡಿಬಿಟ್ಟರು. ಗುಜರಿ ಅಂಗಡಿ ಸುತ್ತಿಬಂದವರ ಕೆಲಸ ಅನ್ನಿಸುತ್ತದೆ. ನನಗೆ ಇದು ಆರ್ಕೊಗಿಂತ ಇಷ್ಟ.

ಈಗ ನನ್ನ ಸಿಟ್ಟಿನ ವಿಷಯಕ್ಕೆ ಬರುತ್ತೇನೆ. 2022ರಲ್ಲಿ, ಆರ್ಕೊಗೆ 60 ತುಂಬಿತು ಅಂತ, ಕಂಪನಿ ಒಂದು ವಿಶೇಷ ಆವೃತ್ತಿ ತಂದಿತು. ಮಾರ್ಬಲ್ ಬದಲು ಕ್ರಿಸ್ಟಲ್ ಗಾಜಿನ ತಳ, ಮಾಡಿದ್ದು ಒಟ್ಟು 2022 ದೀಪ ಮಾತ್ರ. ನೋಡಲು ಚೆಂದವಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಅಗ್ಗಕ್ಕೆ ತೂಕ ಸಿಗಲಿ ಅಂತ ಆರಿಸಿದ ಕಲ್ಲನ್ನು ತೆಗೆದು ಅಲ್ಲಿ ಆಭರಣ ಇಟ್ಟರೆ ಏನುಳಿಯಿತು? ಆ ಗಾಜಿನ ತೂತಿಗೆ ಪೊರಕೆ ಕೋಲು ತೂರಿಸುವ ಧೈರ್ಯ ಯಾರಿಗಿದೆ ಹೇಳಿ!

ನಕಲು ಮಾಡುವವರದು ಇನ್ನೊಂದು ಕಥೆ. ಒಂದು ನಕಲಿನ ವಿಷಯ ಮಿಲಾನ್ ಕೋರ್ಟಿನಿಂದ ಲಕ್ಸೆಂಬರ್ಗ್‌ನ ಯುರೋಪಿಯನ್ ನ್ಯಾಯಾಲಯದವರೆಗೆ ಹೋಗಿ 2011ರಲ್ಲಿ ತೀರ್ಪು ಬಂತು. ಕಾನೂನು ಒಂದು ಕಡೆ ಇರಲಿ, ನಾನು ಹೇಳುವುದು ತೂಕದ ಮಾತು. ಕೊರಿಯರ್‌ನಲ್ಲಿ ಹಗುರವಾಗಿ ಬಂದಿಳಿಯುವ ದೀಪ ಅಷ್ಟು ದೂರ ಚಾಚಲಾರದು, ಚಾಚಿದರೆ ಮಗುಚುತ್ತದೆ. ಹಾಗಾಗಿ ಕಮಾನು ಕುಗ್ಗಿಸಿರುತ್ತಾರೆ. ಕೊನೆಗೆ ದೀಪ ಸೋಫಾ ಹಿಂದಿನ ಮೂಲೆ ಸೇರುತ್ತದೆ. ಮೇಜಿನ ಮೇಲೆ ಬೆಳಕು ಬೀಳುವುದೇ ಇಲ್ಲ.

ಹಳೆಯ ಅಸಲಿ ದೀಪ ಕೊಂಡವರಲ್ಲೂ ಒಂದು ಭ್ರಮೆ ಇದೆ. ವೈರು ಮುಟ್ಟಬಾರದು, ಬಲ್ಬು ಆ ಕಾಲದ್ದೇ ಇರಬೇಕು ಅನ್ನುವ ಮಡಿ. ಅಂಥವರು ಜೀನೊ ಸರ್ಫಾತ್ತಿ ಬಗ್ಗೆ ತಿಳಿದುಕೊಳ್ಳಬೇಕು. ವಿಮಾನ ಎಂಜಿನಿಯರಿಂಗ್ ಓದನ್ನು ಅರ್ಧಕ್ಕೆ ಬಿಟ್ಟು, 1939ರಲ್ಲಿ ಮಿಲಾನ್‌ನಲ್ಲಿ ಆರ್ತೆಲೂಚೆ ಕಂಪನಿ ಶುರು ಮಾಡಿದವರು. 400ಕ್ಕೂ ಹೆಚ್ಚು ದೀಪ ಮಾಡಿದರು. ಹೆಸರಿಡುವ ಗೋಜಿಗೇ ಹೋಗಲಿಲ್ಲ, ಬರೀ ನಂಬರು. ನಾವು ಗೋಡೆಗೆ ಅಡ್ಡ ಹೊಡೆಯುವ ಟ್ಯೂಬ್‌ಲೈಟನ್ನು ಅವರು 1954ರಲ್ಲೇ ನೆಲದ ಮೇಲೆ ನೆಟ್ಟಗೆ ನಿಲ್ಲಿಸಿದರು. ಅದರ ನಂಬರು 1063. ಹೊಸ ಬಲ್ಬು ಬಂದಾಗೆಲ್ಲ ಹೊಸ ದೀಪ ಯೋಚಿಸಿದ ಮನುಷ್ಯ. ಅವರ ಕೆಲವು ದೀಪಗಳು 2013ರಲ್ಲಿ ಎಲ್‌ಇಡಿ ಹಾಕಿಕೊಂಡೇ ಮತ್ತೆ ಮಾರುಕಟ್ಟೆಗೆ ಬಂದವು.

ಹಾಗಾಗಿ ಇಟಲಿಯ ಹಳೆಯ ದೀಪ ಬೆಂಗಳೂರಿಗೋ ಮೈಸೂರಿಗೋ ತರಿಸಿಕೊಳ್ಳುವವರಿಗೆ ಹೇಳುವುದಿಷ್ಟೇ. ವೋಲ್ಟೇಜ್ ಚಿಂತೆ ಸಾಮಾನ್ಯವಾಗಿ ಇಲ್ಲ, ಅಲ್ಲೂ ಇಲ್ಲೂ ಹತ್ತಿರ ಹತ್ತಿರ 230. ಹಳೆಯ ಸ್ಟಿಕ್ಕರ್ ಇದ್ದರೆ ಒಮ್ಮೆ ಓದಿ. ನಮ್ಮ ಪಿನ್ ಬಲ್ಬು ಅದಕ್ಕೆ ಕೂರುವುದಿಲ್ಲ, ತಿರುಪಿನ ಬಲ್ಬು ಬೇಕು. ವೈರಿನ ಮೇಲಿನ ಹೊದಿಕೆ 60 ವರ್ಷದಲ್ಲಿ ಒಣಗಿ ಪುಡಿ ಆಗಿರಬಹುದು, ಮೈಯೆಲ್ಲ ಲೋಹದ ದೀಪಕ್ಕೆ ಅರ್ಥಿಂಗ್ ಇಲ್ಲದಿರಬಹುದು. ಒಳ್ಳೆಯ ಎಲೆಕ್ಟ್ರಿಷಿಯನ್ ಕರೆದು ಹೊಸ ವೈರು ಹಾಕಿಸಿ. ಬೆಲೆ ಕಡಿಮೆ ಆಗುತ್ತೆ ಅಂತ ಯಾರಾದರೂ ಹೆದರಿಸಿದರೆ, ಹಳೆ ವೈರನ್ನು ಕವರಿನಲ್ಲಿ ಹಾಕಿ ಎತ್ತಿಡಿ.

ಮನೆಯಲ್ಲಿ ಎರಡು ಮೀಟರ್ ಖಾಲಿ ಜಾಗ ಇಲ್ಲದವರಿಗೆ ಆರ್ಕೊ ಬೇಡವೇ ಬೇಡ. ಇಟಲಿಯ ವಿನ್ಯಾಸಕಾರ ವೀಕೊ ಮಾಜಿಸ್ತ್ರೆತ್ತಿ ಆರ್ತೆಮಿದೆ ಕಂಪನಿಗೆ ಮಾಡಿದ ಎಕ್ಲಿಸ್ಸೆ ಅನ್ನುವ ಮೇಜಿನ ದೀಪ ನೋಡಿ. ಅಂಗೈಗಿಂತ ಸ್ವಲ್ಪ ದೊಡ್ಡದು, 1967ರಲ್ಲಿ ಇಟಲಿಯ ಕೊಂಪಾಸ್ಸೊ ದೋರೊ ಅನ್ನುವ ವಿನ್ಯಾಸ ಪ್ರಶಸ್ತಿ ಪಡೆದದ್ದು. ಒಳಗಿನ ಬಟ್ಟಲನ್ನು ಬೆರಳಲ್ಲಿ ತಿರುಗಿಸಿದರೆ ಗ್ರಹಣದಂತೆ ಬಲ್ಬು ಮರೆಯಾಗುತ್ತಾ ಬೆಳಕು ಇಳಿಯುತ್ತದೆ. ಹಳೆ ಬಲ್ಬು ಹಾಕಿದರೆ ಆ ಬಟ್ಟಲು ಕಾದು ಬೆರಳು ಚುರ್ ಅನ್ನುತ್ತದೆ. ಎಲ್‌ಇಡಿ ಹಾಕಿಕೊಂಡರೆ ಆ ಕಾಟವೂ ಇಲ್ಲ.