ಹನ್ನೊಂದು ಹೆಸರುಗಳ ಜಗಳ: ಶಿಲ್ಲಾಂಗ್ ಪಂದ್ಯಕ್ಕೆ ಮುನ್ನ ನಡೆದ ಚೆಟ್ರಿ ಚರ್ಚೆ

[ತೆರೆಯ ಮೇಲೆ: ಶಿಲ್ಲಾಂಗ್‌ನ ಜವಾಹರಲಾಲ್ ನೆಹರೂ ಕ್ರೀಡಾಂಗಣ, ರಾತ್ರಿಯ ದೀಪಗಳು, ಹಿಂದೆ ಬೆಟ್ಟದ ಸಾಲು]

ನಮಸ್ಕಾರ. ಈ ವಿಡಿಯೋ 2025ರ ಮಾರ್ಚ್ 19ರಿಂದ 25ರವರೆಗಿನ ಆರು ದಿನಗಳ ಕುರಿತದ್ದು. 19ರ ರಾತ್ರಿ ಭಾರತ ತಂಡ ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ತಂಡವನ್ನು 3-0 ಗೋಲುಗಳಿಂದ ಸೋಲಿಸಿತು. 2023ರ ನವೆಂಬರ್‌ನಲ್ಲಿ ಕುವೈತ್ ವಿರುದ್ಧ ಗೆದ್ದ ಮೇಲೆ ತಂಡ ಕಂಡ ಮೊದಲ ಗೆಲುವು ಅದು. ಮೂರನೆಯ ಗೋಲು ಹೊಡೆದವರು ಒಂಬತ್ತು ತಿಂಗಳ ಹಿಂದೆಯೇ ಅಂತರರಾಷ್ಟ್ರೀಯ ಫುಟ್‌ಬಾಲ್‌ಗೆ ವಿದಾಯ ಹೇಳಿ ಹೋಗಿದ್ದ, ನಲವತ್ತು ತುಂಬಿದ ಸುನಿಲ್ ಚೆಟ್ರಿ. 25ರಂದು ಅದೇ ಮೈದಾನದಲ್ಲಿ ಬಾಂಗ್ಲಾದೇಶದ ವಿರುದ್ಧ 2027ರ ಏಷ್ಯನ್ ಕಪ್‌ಗೆ ಅರ್ಹತಾ ಪಂದ್ಯವಿತ್ತು. ಈ ಎರಡು ಪಂದ್ಯಗಳ ನಡುವೆ, ಬೆಂಗಳೂರಿನಿಂದ ಕೋಲ್ಕತ್ತದವರೆಗೆ, ಭಾರತದ ಫುಟ್‌ಬಾಲ್ ಅಭಿಮಾನಿಗಳೆಲ್ಲ ಒಂದೇ ಪ್ರಶ್ನೆಯನ್ನು ಎಳೆದಾಡಿದರು: ಚೆಟ್ರಿ ಮೊದಲ ಹನ್ನೊಂದರಲ್ಲಿ ಇರಬೇಕೋ, ಬೆಂಚಿನಲ್ಲಿ ಕೂರಬೇಕೋ?

ಪಂದ್ಯದ ತೂಕ ಎಷ್ಟೆಂದು ತಿಳಿದರೆ ಜಗಳದ ಕಾವು ಅರ್ಥವಾಗುತ್ತದೆ. ಗುಂಪಿನಲ್ಲಿ ಭಾರತ, ಬಾಂಗ್ಲಾದೇಶ, ಹಾಂಗ್‌ಕಾಂಗ್ ಮತ್ತು ಸಿಂಗಪುರ ಇದ್ದವು. ಏಷ್ಯನ್ ಕಪ್‌ನ ಆತಿಥೇಯ ಸೌದಿ ಅರೇಬಿಯಾಕ್ಕೆ ಹೋಗುವ ಅವಕಾಶ ಗುಂಪಿನ ಅಗ್ರಸ್ಥಾನಿಗೆ ಮಾತ್ರ. ಎರಡನೆಯ ಸ್ಥಾನಕ್ಕೆ ಕವಡೆಯ ಬೆಲೆಯೂ ಇರಲಿಲ್ಲ. ಫಿಫಾ ಪಟ್ಟಿಯಲ್ಲಿ ಆಗ ಭಾರತ 126ನೆಯ, ಬಾಂಗ್ಲಾದೇಶ 185ನೆಯ ಸ್ಥಾನದಲ್ಲಿದ್ದವು. ತವರಿನಲ್ಲಿ ಈ ಪಂದ್ಯವನ್ನೇ ಗೆಲ್ಲದಿದ್ದರೆ ಮುಂದಿನ ಲೆಕ್ಕ ಕಷ್ಟವೆಂದು ಎಲ್ಲರಿಗೂ ಗೊತ್ತಿತ್ತು.

[ತೆರೆಯ ಮೇಲೆ: 2024ರ ಭಾರತದ ಪಂದ್ಯಗಳ ಪಟ್ಟಿ]

ಆಡಿಸಲೇಬೇಕು ಎನ್ನುವವರ ಕೈಯಲ್ಲಿ ಅಂಕಿಗಳಿದ್ದವು. 2024ರಲ್ಲಿ ಭಾರತ ಹನ್ನೊಂದು ಪಂದ್ಯ ಆಡಿ ಒಂದನ್ನೂ ಗೆಲ್ಲಲಿಲ್ಲ, ಹೊಡೆದ ಗೋಲುಗಳು ಬರೀ ನಾಲ್ಕು. ಅವುಗಳಲ್ಲಿ ಒಂದು, ಗುವಾಹಟಿಯಲ್ಲಿ ಅಫ್ಗಾನಿಸ್ತಾನದ ವಿರುದ್ಧ ಚೆಟ್ರಿಯೇ ಹೊಡೆದ ಪೆನಾಲ್ಟಿ. ಜೂನ್ 6ರಂದು ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಕುವೈತ್ ವಿರುದ್ಧದ ಗೋಲಿಲ್ಲದ ಪಂದ್ಯದೊಂದಿಗೆ ಅವರು 151 ಪಂದ್ಯ, 94 ಗೋಲುಗಳ ಲೆಕ್ಕ ಮುಗಿಸಿ ಹೊರಟರು. ಆ ಬಳಿಕ ಬಂದ ಸ್ಪೇನ್‌ನ ಕೋಚ್ ಮನೋಲೊ ಮಾರ್ಕೆಝ್ ಅವರ ಕೈಕೆಳಗೆ ವರ್ಷಾಂತ್ಯದವರೆಗಿನ ನಾಲ್ಕು ಪಂದ್ಯಗಳಲ್ಲಿ ಭಾರತಕ್ಕೆ ದಕ್ಕಿದ್ದು ಎರಡು ಗೋಲು. ಅದರಲ್ಲೂ ಒಂದನ್ನು ಹೊಡೆದವರು ರಾಹುಲ್ ಭೇಕೆ ಎಂಬ ರಕ್ಷಣಾ ಆಟಗಾರ. ಇತ್ತ ಚೆಟ್ರಿ ಬೆಂಗಳೂರು ಎಫ್‌ಸಿ ಪರ ಡಿಸೆಂಬರ್‌ನಲ್ಲಿ ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಹ್ಯಾಟ್ರಿಕ್ ಹೊಡೆದರು. ದೇಶದ ಅಗ್ರ ಲೀಗ್ ಆದ ಐಎಸ್‌ಎಲ್‌ನ (ಇಂಡಿಯನ್ ಸೂಪರ್ ಲೀಗ್) ಆ ಋತು ಮುಗಿಯುವಷ್ಟರಲ್ಲಿ 14 ಗೋಲುಗಳೊಂದಿಗೆ ಭಾರತೀಯರಲ್ಲೆಲ್ಲ ಮುಂದಿದ್ದರು. ಇಷ್ಟು ಗೋಲು ಹೊಡೆಯುವವನನ್ನು ಹುಟ್ಟಿದ ವರ್ಷ ನೋಡಿ ಕೂರಿಸುವುದು ಯಾವ ನ್ಯಾಯ ಎಂದು ಈ ಪಕ್ಷದವರು ಕೇಳಿದರು.

ಬೇಡ ಎನ್ನುವವರನ್ನು ಕೃತಘ್ನರೆಂದು ಜರೆದವರೂ ಇದ್ದರು, ಅದು ತಪ್ಪು. ಅವರಲ್ಲಿ ಬಹಳಷ್ಟು ಮಂದಿ 2023ರ ದಕ್ಷಿಣ ಏಷ್ಯಾದ ಸ್ಯಾಫ್ ಚಾಂಪಿಯನ್‌ಷಿಪ್‌ನಲ್ಲಿ ಪಾಕಿಸ್ತಾನದ ವಿರುದ್ಧ ಚೆಟ್ರಿ ಮೂರು ಗೋಲು ಹೊಡೆದ ರಾತ್ರಿ ಕಂಠೀರವದಲ್ಲಿ ಮಳೆಗಾಲದ ಗಾಳಿಗೂ ಜಗ್ಗದೆ ಕೂಗಿದವರೇ. (ಈ ಮಾತು ಹೇಳುತ್ತಿರುವವನೂ ಅಂದು ಗಂಟಲು ಕೆಡಿಸಿಕೊಂಡವನೇ.) ಅವರ ವಾದ ಬೇರೆಯೇ ಇತ್ತು. ಏಷ್ಯನ್ ಕಪ್ ನಡೆಯುವುದು 2027ರ ಜನವರಿಯಲ್ಲಿ, ಆ ಹೊತ್ತಿಗೆ ಚೆಟ್ರಿಗೆ 42 ತುಂಬಿರುತ್ತದೆ. ಅವರನ್ನು ಮುಂದಿಟ್ಟುಕೊಂಡು ಅರ್ಹತೆ ಗಳಿಸಿದರೂ ಅಲ್ಲಿ ಆಡಬೇಕಾದವರು ಬೇರೆಯವರು. ಆ ಬೇರೆಯವರು ಆಡಿ ಕಲಿಯುವುದು ಯಾವಾಗ? ಇರ್ಫಾನ್ ಯಾದವಾಡ್ ಅವರಂಥ ಹುಡುಗರನ್ನು ತಂಡಕ್ಕೆ ಕರೆದು ಬೆಂಚಿನಲ್ಲಿ ಕೂರಿಸಿದರೆ ಅವರಿಗೆ ಸಿಗುವುದು ಜೆರ್ಸಿ ಮಾತ್ರ. ಇದಲ್ಲದೆ ಇನ್ನೊಂದು ಮಾತನ್ನೂ ಅವರು ಗಟ್ಟಿಯಾಗಿ ಹೇಳುತ್ತಿದ್ದರು: ಮಾಲ್ಡೀವ್ಸ್ ವಿರುದ್ಧದ ಮೂರೂ ಗೋಲುಗಳು ಬಂದದ್ದು ತಲೆಯಿಂದ, ಮೊದಲೆರಡು ಕಾರ್ನರ್‌ನಿಂದ. ಅಂದರೆ, ಆಟ ಹರಿಯುತ್ತಿರುವಾಗ ಎದುರಾಳಿಯ ರಕ್ಷಣೆಯನ್ನು ಸೀಳುವ ದಾರಿ ಇನ್ನೂ ಕಂಡಿಲ್ಲ ಎಂದು.

ನನ್ನ ಪ್ರಕಾರ ಎರಡೂ ಕಡೆಯವರ ವಾದದಲ್ಲಿ ಹುರುಳಿತ್ತು, ಆದರೆ ಎರಡೂ ಕಡೆಯವರು ತಡವಾಗಿ ಜಗಳ ಶುರುಮಾಡಿದ್ದರು. ಮಾರ್ಚ್ 25ರ ಸ್ಟ್ರೈಕರ್ ಯಾರೆಂಬುದು ಶಿಲ್ಲಾಂಗ್‌ನಲ್ಲಿ ನಿರ್ಧಾರವಾದದ್ದಲ್ಲ. ಅದು ಹಿಂದಿನ ಸೆಪ್ಟೆಂಬರ್‌ನಿಂದಲೇ, ವಾರವಾರವೂ, ಹದಿಮೂರು ಕ್ಲಬ್‌ಗಳ ಕೋಚ್‌ಗಳು ಬರೆದುಕೊಟ್ಟ ಹಾಳೆಗಳಲ್ಲಿ ನಿರ್ಧಾರವಾಗಿಹೋಗಿತ್ತು.

[ತೆರೆಯ ಮೇಲೆ: 2024-25ರ ಐಎಸ್‌ಎಲ್ ಕ್ಲಬ್‌ಗಳ ಲಾಂಛನಗಳು, ಪಕ್ಕದಲ್ಲಿ ಒಂದೊಂದೇ ಹೆಸರು]

ಈ ವಿದೇಶಿ ಹೆಸರುಗಳನ್ನು ನಿಧಾನವಾಗಿ ನೋಡಿ. ಮೋಹನ್ ಬಾಗಾನ್‌ನ ಮುಂಚೂಣಿಯಲ್ಲಿ ಜೇಮಿ ಮೆಕ್ಲಾರೆನ್, ಜೇಸನ್ ಕಮಿಂಗ್ಸ್. ನಾರ್ತ್‌ಈಸ್ಟ್ ಯುನೈಟೆಡ್‌ನಲ್ಲಿ 23 ಗೋಲು ಹೊಡೆದು ಋತುವಿಗೇ ಮೊದಲಿಗರಾದ ಮೊರಾಕ್ಕೊದ ಅಲಾಎದ್ದೀನ್ ಅಜಾರೈ. ಗೋವಾದಲ್ಲಿ ಅರ್ಮಾಂಡೊ ಸಾದಿಕು, ಕೇರಳದಲ್ಲಿ ಹೆಸೂಸ್ ಹಿಮೆನೆಝ್, ಈಸ್ಟ್ ಬೆಂಗಾಲ್‌ನಲ್ಲಿ ದಿಯಾಮಂಟಾಕೋಸ್, ಮುಂಬೈಯಲ್ಲಿ ಕರೇಲಿಸ್, ಚೆನ್ನೈಯಿನ್‌ನಲ್ಲಿ ವಿಲ್ಮಾರ್ ಜೋರ್ಡಾನ್. ನಮ್ಮ ಬೆಂಗಳೂರಿನಲ್ಲೂ ಎಡ್ಗರ್ ಮೆಂಡೆಝ್, ಪೆರೇರಾ ಡಿಯಾಝ್ ಇದ್ದರು. ಅವರ ಜೊತೆಗೆ ಚೆಟ್ರಿಯೂ ಇದ್ದರು ಎಂಬುದಷ್ಟೇ ಇಲ್ಲಿನ ವ್ಯತ್ಯಾಸ, ಅದರಲ್ಲೂ ಅವರು ಕೆಲವು ಪಂದ್ಯಗಳಲ್ಲಿ ಬೆಂಚಿನಿಂದ ಬಂದವರು. ಒಂಬತ್ತನೆಯ ನಂಬರಿನ, ಅಂದರೆ ಮುಖ್ಯ ಸ್ಟ್ರೈಕರ್‌ನ ಜಾಗದಲ್ಲಿ ಪ್ರತಿ ವಾರ ತೊಂಬತ್ತು ನಿಮಿಷ ಆಡುವ ಭಾರತೀಯನನ್ನು ಹುಡುಕಲು ದೀಪ ಹಿಡಿದು ಹೊರಡಬೇಕಿತ್ತು.

ಹಾಗೆಂದು ವಿದೇಶಿಯರ ಸಂಖ್ಯೆ ಹೆಚ್ಚಿತೆಂದು ತಿಳಿಯಬೇಡಿ. ಲೀಗ್ ಶುರುವಾದ 2014ರಲ್ಲಿ ಮೈದಾನದಲ್ಲಿ ಏಕಕಾಲಕ್ಕೆ ಆರು ಮಂದಿ ವಿದೇಶಿಯರು ಇರಬಹುದಿತ್ತು, 2017-18ರಲ್ಲಿ ಅದು ಐದಾಯಿತು, 2021-22ರಿಂದ ನಾಲ್ಕು. ಸಂಖ್ಯೆ ಇಳಿದಂತೆಲ್ಲ ಕ್ಲಬ್‌ಗಳು ಬಿಟ್ಟುಕೊಟ್ಟದ್ದು ಪಕ್ಕದ ಜಾಗಗಳನ್ನು. ಗೋಲಿನ ಎದುರಿನ ಜಾಗವನ್ನು ಕೊನೆಯವರೆಗೂ ಬಿಡಲಿಲ್ಲ. ಇದರಲ್ಲಿ ದುರುದ್ದೇಶವನ್ನು ಹುಡುಕುವುದು ಬೇಡ. ಎರಡು ಪಂದ್ಯ ಸೋತರೆ ಕೆಲಸ ಹೋಗುತ್ತದೆಂಬ ಭಯದಲ್ಲಿರುವ ಕೋಚ್, ಗೋಲು ಹೊಡೆಯುವ ಹೊಣೆಯನ್ನು ಇಪ್ಪತ್ತರ ಹುಡುಗನಿಗೆ ಒಪ್ಪಿಸಿ ಕಾಯುತ್ತಾ ಕೂರಲಾರ. ಪರಿಣಾಮವೇನೆಂದರೆ, ಶಾಲೆಯಲ್ಲಿ, ಅಕಾಡೆಮಿಯಲ್ಲಿ ಸ್ಟ್ರೈಕರ್ ಆಗಿ ಬೆಳೆದ ಹುಡುಗ ಕ್ಲಬ್ ಸೇರುತ್ತಿದ್ದಂತೆ ಮೈದಾನದ ಅಂಚಿನಲ್ಲಿ ಓಡುವ ವಿಂಗರ್ ಆಗುತ್ತಾನೆ. ಮನ್ವೀರ್ ಸಿಂಗ್ ಅವರನ್ನೇ ನೋಡಿ: ಆಳ್ತನದಲ್ಲಿ, ತಲೆಯಾಟದಲ್ಲಿ ಹುಟ್ಟಾ ಸ್ಟ್ರೈಕರ್, ಕ್ಲಬ್‌ನಲ್ಲಿ ಬಲಗಡೆಯ ಗೆರೆ ಹಿಡಿದು ಓಡುವ ಕೆಲಸ. ದೇಶದ ಅಂಗಿ ತೊಟ್ಟಾಗ ಮಾತ್ರ ನಡುವೆ ನಿಲ್ಲಬೇಕು, ಬೆನ್ನ ಮೇಲೆ ರಕ್ಷಣಾ ಆಟಗಾರನನ್ನು ಹೊತ್ತು ಚೆಂಡು ಹಿಡಿಯಬೇಕು, ಅರೆಗಳಿಗೆಯಲ್ಲಿ ತಿರುಗಿ ಹೊಡೆಯಬೇಕು. ವರ್ಷದಲ್ಲಿ ಏಳೆಂಟು ಸಲ ಮಾಡುವ ಕೆಲಸ ಕೈಗೆ, ಅಲ್ಲ, ಕಾಲಿಗೆ ಹತ್ತುವುದಾದರೂ ಹೇಗೆ?

ಅಭಿಮಾನಿಗಳು ಬರೆಯುವ ಹನ್ನೊಂದಕ್ಕೂ ಕೋಚ್ ಬರೆಯುವ ಹನ್ನೊಂದಕ್ಕೂ ಇರುವ ಅಂತರ ಈ ಚೆಟ್ರಿ ಪ್ರಶ್ನೆಯಲ್ಲೇ ಚೆನ್ನಾಗಿ ಕಾಣುತ್ತದೆ. ನಾವು ಹೆಸರುಗಳನ್ನು ಒಂದರ ಕೆಳಗೊಂದು ಬರೆಯುತ್ತೇವೆ, ಒಂದನ್ನು ಅಳಿಸಿ ಇನ್ನೊಂದನ್ನು ಹಾಕಿದರೆ ಉಳಿದ ಹತ್ತು ಹಾಗೆಯೇ ಉಳಿಯುತ್ತವೆ. ಮೈದಾನದಲ್ಲಿ ಹಾಗಾಗುವುದಿಲ್ಲ. ಚೆಟ್ರಿ ಆಡಿದರೆ ಚೆಂಡು ಪೆನಾಲ್ಟಿ ಆವರಣದೊಳಕ್ಕೆ ಎತ್ತರದಲ್ಲಿ ಬರಬೇಕು, ಏಕೆಂದರೆ ಅವರ ಬಲವಿರುವುದು ಎರಡು ಹೆಜ್ಜೆ ಮೊದಲೇ ಜಾಗ ಹುಡುಕಿ ನೆಗೆಯುವುದರಲ್ಲಿ. ಆದ್ದರಿಂದ ಎಡಗಡೆಯಿಂದ ಲಿಸ್ಟನ್ ಕೊಲಾಸೊ ತಮ್ಮ ಇಷ್ಟದಂತೆ ಒಳಕ್ಕೆ ಕಡಿದು ಗೋಲಿಗೆ ಹೊಡೆಯುವ ಬದಲು ಚೆಂಡನ್ನು ದಾಟಿಸಿಕೊಡಬೇಕು. ಎದುರಾಳಿಯ ರಕ್ಷಣಾ ಸಾಲನ್ನು ಚೆಟ್ರಿ ತೊಂಬತ್ತು ನಿಮಿಷ ಬೆನ್ನಟ್ಟಲಾರರು, ಆ ಓಟವನ್ನು ಹಿಂದಿರುವ ಇಬ್ಬರು ಹಂಚಿಕೊಳ್ಳಬೇಕು, ಆಗ ನಡುವಿನಲ್ಲಿ ತೆರವಾಗುವ ಜಾಗಕ್ಕೆ ಮತ್ತೊಬ್ಬ ಬೇಕು. ಒಂದು ಹೆಸರು ಬದಲಾದರೆ ಐದು ಜನರ ಕೆಲಸ ಬದಲಾಗುತ್ತದೆ. ಇದನ್ನೆಲ್ಲ ಕಲಿಸಲು ಕೋಚ್‌ಗೆ ಸಿಕ್ಕಿದ್ದು ಒಂದೆರಡು ವಾರ: ಐಎಸ್‌ಎಲ್‌ನ ಲೀಗ್ ಹಂತ ಮಾರ್ಚ್ 12ಕ್ಕೆ ಮುಗಿದಿತ್ತು, ಪ್ಲೇಆಫ್ 29ಕ್ಕೆ ಮತ್ತೆ ಶುರುವಾಗುವುದಿತ್ತು.

ಆ ಕೋಚ್ ಕೂಡ ಪೂರ್ತಿ ಭಾರತದ ಕೋಚ್ ಆಗಿರಲಿಲ್ಲ. ಮನೋಲೊ ಅದೇ ಋತುವಿನಲ್ಲಿ ಎಫ್‌ಸಿ ಗೋವಾ ತಂಡದ ತರಬೇತುದಾರರೂ ಆಗಿದ್ದರು. ಗೋವಾದ ಆಟಗಾರನನ್ನು ಆರಿಸಿದರೆ ತಮ್ಮವನೆಂದು ಆರಿಸಿದರು ಎನ್ನಬಹುದು, ಬಿಟ್ಟರೆ ಪ್ಲೇಆಫ್‌ಗೆ ಉಳಿಸಿಕೊಂಡರು ಎನ್ನಬಹುದು. ಅವರು ಹಾಗೆ ಮಾಡಿದರೆಂದು ನಾನು ಹೇಳುತ್ತಿಲ್ಲ. ಆದರೆ ಆಯ್ಕೆ ಮಾಡುವವರನ್ನು ಇಂಥ ಜಾಗದಲ್ಲಿ ನಿಲ್ಲಿಸಿದವರು ಅನುಮಾನಕ್ಕೆ ತಾವೇ ಬಾಗಿಲು ತೆರೆದಿಟ್ಟರು.

[ತೆರೆಯ ಮೇಲೆ: ಗೋಲ್‌ಕೀಪರ್‌ನ ಕೈಗವಸು, ಹತ್ತಿರದಿಂದ]

ಬೆಂಗಳೂರಿಗರಿಗೆ ಇನ್ನೊಂದು ಹುಣ್ಣೂ ಇತ್ತು. ಸ್ಯಾಫ್ ಫೈನಲ್‌ನಲ್ಲಿ ಕುವೈತ್‌ನ ಕೊನೆಯ ಪೆನಾಲ್ಟಿ ತಡೆದು ಕಂಠೀರವವನ್ನು ಕುಣಿಸಿದ ಗುರ್‌ಪ್ರೀತ್ ಸಿಂಗ್ ಸಂಧು ಈ ಬಾರಿಯ ತಂಡದಲ್ಲೇ ಇರಲಿಲ್ಲ. ನವೆಂಬರ್‌ನಲ್ಲಿ ಹೈದರಾಬಾದ್‌ನಲ್ಲಿ ಮಲೇಷ್ಯಾ ವಿರುದ್ಧ ಅವರು ಗೋಲಿನ ಬಾಯಿ ಬಿಟ್ಟು ಅನಗತ್ಯವಾಗಿ ಮುಂದೆ ಓಡಿಬಂದು ಖಾಲಿ ಬಲೆಗೆ ಗೋಲು ಕೊಟ್ಟದ್ದು ಎಲ್ಲರಿಗೂ ನೆನಪಿತ್ತು. ಅವರ ಜಾಗಕ್ಕೆ ಬಂದ ಮೋಹನ್ ಬಾಗಾನ್‌ನ ವಿಶಾಲ್ ಕೈತ್ ಆ ಋತುವಿನ ಅತ್ಯುತ್ತಮ ಗೋಲ್‌ಕೀಪರ್ ಪ್ರಶಸ್ತಿ ಪಡೆದವರು. ಇದು ಲೀಗಿನಲ್ಲಿ ಆಡಿದ ನಿಮಿಷಗಳೇ ಉತ್ತರ ಕೊಟ್ಟ ಆಯ್ಕೆ, ಆದ್ದರಿಂದ ಇದರ ಜಗಳ ಬೇಗ ತಣ್ಣಗಾಯಿತು.

ಗಡಿಯಾಚೆ ಕೂಡ ಇದೇ ಕಥೆ ನಡೆಯುತ್ತಿತ್ತು ಎಂಬುದು ನಮ್ಮಲ್ಲಿ ಹಲವರಿಗೆ ತಿಳಿಯಲಿಲ್ಲ. ಇಟಲಿಯಲ್ಲಿ ಆಡುತ್ತಿದ್ದ ಹದಿಹರೆಯದ ಫಹಮೆದುಲ್ ಇಸ್ಲಾಂನನ್ನು ಸೌದಿಯ ಶಿಬಿರದ ಬಳಿಕ ಬಾಂಗ್ಲಾದೇಶದ ಕೋಚ್ ಹಾವಿಯೆರ್ ಕಬ್ರೆರಾ ಕೈಬಿಟ್ಟಾಗ ಢಾಕಾದಲ್ಲಿ ಅಭಿಮಾನಿಗಳು ಬೀದಿಗಿಳಿದರು. ಆದರೂ ಅವರ ಬಳಿ ನಮ್ಮಲ್ಲಿಲ್ಲದ ಒಬ್ಬರಿದ್ದರು: ಲೆಸ್ಟರ್ ಸಿಟಿಯಿಂದ ಎರವಲಾಗಿ ಶೆಫೀಲ್ಡ್ ಯುನೈಟೆಡ್‌ಗೆ ಆಡುತ್ತಿದ್ದ ಹಮ್ಜಾ ಚೌಧುರಿ. ಇಂಗ್ಲೆಂಡಿನಲ್ಲಿ ಹುಟ್ಟಿದ ಅವರು ತಾಯಿಯ ನಾಡಿನ ಪರವಾಗಿ ಆಡುವುದಕ್ಕೆ ಬಾಂಗ್ಲಾದೇಶದ ಪಾಸ್‌ಪೋರ್ಟ್ ಪಡೆದರೆ ಸಾಕಾಗಿತ್ತು, ಬ್ರಿಟಿಷ್ ಪೌರತ್ವವನ್ನು ಬಿಡಬೇಕಿರಲಿಲ್ಲ. ಭಾರತದಲ್ಲಿ ದ್ವಿಪೌರತ್ವವಿಲ್ಲ, ಒಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಗುರುತಿನ ಕಾರ್ಡ್) ಹಿಡಿದವರು ರಾಷ್ಟ್ರೀಯ ತಂಡಕ್ಕೆ ಆಡುವಂತಿಲ್ಲ.

[ತೆರೆಯ ಮೇಲೆ: ಮಾರ್ಚ್ 25, ಭಾರತ – ಬಾಂಗ್ಲಾದೇಶ]

ಪಂದ್ಯಕ್ಕೆ ಮುನ್ನ ತಂಡದ ಪಟ್ಟಿ ಬಂತು. ಚೆಟ್ರಿ ಇದ್ದರು, ಮೊದಲ ಹನ್ನೊಂದರಲ್ಲೇ. ಒಂದು ಪಕ್ಷ ಗೆದ್ದಿತು ಎಂದುಕೊಳ್ಳುವಷ್ಟರಲ್ಲಿ, ಆಟ ಶುರುವಾದ ಮೊದಲ ನಿಮಿಷದಲ್ಲೇ, ಯಾರೂ ಜಗಳವಾಡದೆ ಒಪ್ಪಿಕೊಂಡಿದ್ದ ವಿಶಾಲ್ ಕೈತ್ ಚೆಂಡನ್ನು ನೇರವಾಗಿ ಎದುರಾಳಿಯ ಕಾಲಿಗೆ ಒಪ್ಪಿಸಿದರು. ಗೋಲು ಬರಿದಾಗಿತ್ತು; ಬಾಂಗ್ಲಾದ ಆಟಗಾರ ಓರೆ ಕೋನದಿಂದ ಬಲೆಯ ಹೊರಬದಿಗೆ ಹೊಡೆದ. ಆ ಮೇಲೆ ಹಮ್ಜಾ ನಡುವಿನಲ್ಲಿ ನಿಂತು ಭಾರತದ ಹಾದಿಯನ್ನು ಮುಚ್ಚಿದರು. ಚೆಟ್ರಿಗೆ ಚೆಂಡು ಸಿಕ್ಕಿದ್ದೇ ಅಪರೂಪ, ಗೋಲು ಬರಲಿಲ್ಲ, ಕೊನೆಯ ನಿಮಿಷಗಳಲ್ಲಿ ಅವರನ್ನು ಹೊರಕ್ಕೆ ಕರೆದರು. 0-0.

ಜೂನ್ 10ರಂದು ಹಾಂಗ್‌ಕಾಂಗ್‌ನ ಕೈ ಟಾಕ್ ಕ್ರೀಡಾಂಗಣದಲ್ಲಿ ಎರಡನೆಯ ಪಕ್ಷದ ಸರದಿ. ಚೆಟ್ರಿಯನ್ನು ಬೆಂಚಿನಲ್ಲಿ ಕೂರಿಸಲಾಯಿತು. ಆಶಿಕ್ ಕುರುಣಿಯನ್ ಎದುರಿಗೆ ತೆರೆದ ಗೋಲನ್ನು ಕೈಚೆಲ್ಲಿದರು, ತೊಂಬತ್ತು ನಿಮಿಷಕ್ಕೆ ಸೇರಿಸಿದ ಕೊನೆಯ ಕ್ಷಣಗಳಲ್ಲಿ ಪೆನಾಲ್ಟಿ ಬಿಟ್ಟುಕೊಟ್ಟು ಭಾರತ 0-1ರಿಂದ ಸೋತಿತು. ಮೊದಲ ಹನ್ನೊಂದರಲ್ಲಿ ಆಡಿಸಿದರೂ ಗೋಲಿಲ್ಲ, ಬೆಂಚಿನಲ್ಲಿ ಕೂರಿಸಿದರೂ ಗೋಲಿಲ್ಲ. ಹೀಗೆ ಅಭಿಮಾನಿಗಳ ಎರಡೂ ಪಟ್ಟಿಗಳು ಪರೀಕ್ಷೆಗೆ ಒಳಗಾದವು, ಮತ್ತೂ ಎರಡೂ ಪಕ್ಷಗಳು ತಾವೇ ಸರಿ ಎಂದು ಹೇಳುತ್ತಲೇ ಇದ್ದವು. ಮನೋಲೊ ಹೊರಟರು, ಕೋಚ್ ಆಗಿ ಖಾಲಿದ್ ಜಮೀಲ್ ಬಂದರು. ಅಕ್ಟೋಬರ್ 14ರಂದು ಮಡಗಾಂವ್‌ನಲ್ಲಿ ಸಿಂಗಪುರದ ಎದುರು 1-2ರಿಂದ ಸೋತಾಗ ಸೌದಿಯ ಹಾದಿ ಮುಚ್ಚಿತು.

ನವೆಂಬರ್‌ನಲ್ಲಿ ಢಾಕಾದ ಪಂದ್ಯಕ್ಕೆ ಮುನ್ನ ಹೊಸ ಹೆಸರೊಂದು ಚರ್ಚೆಗೆ ಬಂತು: ರಯಾನ್ ವಿಲಿಯಮ್ಸ್. ಪರ್ತ್‌ನಲ್ಲಿ ಹುಟ್ಟಿ, ಆಸ್ಟ್ರೇಲಿಯಾಕ್ಕೂ ಆಡಿ, ಬೆಂಗಳೂರು ಎಫ್‌ಸಿಯ ಮುಂಪಡೆಗೆ ಬಂದವರು. ತಾಯಿ ಮುಂಬೈಯ ಆಂಗ್ಲೋ-ಇಂಡಿಯನ್ ಕುಟುಂಬದವರು. ಆಸ್ಟ್ರೇಲಿಯಾದ ಪೌರತ್ವವನ್ನು ಬಿಟ್ಟು ಅವರು ಭಾರತದ ಪಾಸ್‌ಪೋರ್ಟ್ ಪಡೆದರು, ಇಲ್ಲಿನ ಶಿಬಿರದಲ್ಲಿ ಅಭ್ಯಾಸ ಮಾಡಿದರು, ತಂಡದೊಂದಿಗೆ ಢಾಕಾಕ್ಕೂ ಹೋದರು. ಅವರು ಎಲ್ಲಿ ಆಡಬೇಕು, ಬಲಗಡೆಯೋ ನಡುವೆಯೋ ಎಂದು ಅಭಿಮಾನಿಗಳು ಮತ್ತೆ ಹನ್ನೊಂದು ಹೆಸರುಗಳನ್ನು ಬರೆಯತೊಡಗಿದರು. ಬೇಕಾಗಿದ್ದ ಅನುಮತಿ ಪತ್ರ ಸಕಾಲಕ್ಕೆ ಬರಲಿಲ್ಲ. ನವೆಂಬರ್ 18ರಂದು ಹೊರಬಿದ್ದ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ, ಬಾಂಗ್ಲಾದೇಶದ ಶೇಖ್ ಮೊರ್ಸಲಿನ್ ಮೊದಲ ಹದಿನೈದು ನಿಮಿಷಗಳಲ್ಲೇ ಹೊಡೆದ ಗೋಲನ್ನು ತೀರಿಸಲು ಭಾರತಕ್ಕೆ ಆಗಲೂ ಯಾರೂ ಸಿಗಲಿಲ್ಲ.